ಚಪ್ಪಲಿ ಲೆಕ್ಕ

ಮೂರು ಗಂಟೆಗೆ ಅಂದಿದ್ದರು, ಶುರುವಾದದ್ದು ನಾಲ್ಕೂಕಾಲಿಗೆ.
ಮೇಜಿನ ಮೇಲೆ ನಕಾಶೆ; ಫ್ಯಾನಿನ ಗಾಳಿಗೆ ಹಾರದ ಹಾಗೆ
ನಾಲ್ಕು ಮೂಲೆಗೆ ನಾಲ್ಕು ಪ್ಲೇಟು ಖಾರ ಮಂಡಕ್ಕಿ.
ನಡುವೆ ಮೂರಂತಸ್ತಿನ ಗ್ರಂಥಾಲಯ, ನೀಲಿ ಗೆರೆಗಳಲ್ಲಿ,
ಲಿಫ್ಟಿಗೊಂದು ಚೌಕ, ಮರಕ್ಕೊಂದು ಸೊನ್ನೆ.
ಅಂದಾಜು ಹನ್ನೊಂದು ಕೋಟಿ ನಲವತ್ತು ಲಕ್ಷ.
ಜಾಗ: ಮುಚ್ಚಿದ ಮಿಲ್ಲಿನ ಹತ್ತಿ ಗೋದಾಮು.

ನನ್ನ ಕುರ್ಚಿ ಗೋಡೆಗೆ ಒತ್ತಿ. ಹೊರಗುತ್ತಿಗೆಯವಳು ನಾನು,
ಕೇಳಿದರೆ ಹೇಳಬೇಕು,
ಕೇಳದಿದ್ದರೆ ಚಹ ಬಂತೇ ನೋಡಬೇಕು.

"ಮೂರಂತಸ್ತು ಯಾರಿಗ್ರೀ?" ಅಂದರು ಉಚ್ಚಂಗೆಪ್ಪ.
"ಫೋನಿನಾಗೇ ಲೋಕ ಐತಿ, ಓದೋರು ಎಲ್ಲದಾರೆ?
ಕೆಳಗೆ ಹನ್ನೆರಡು ಮಳಿಗೆ ಹಾಕ್ರಿ, ಬಾಡಿಗೆ ಬರ್ತತಿ,
ಬಾಡಿಗೆ ತಿಂದು ಪುಸ್ತಕ ಬದುಕ್ತತಿ."
"ಹಂಗಾದ್ರೆ ಗ್ರಂಥಾಲಯ ಅಟ್ಟ ಆಗ್ತತಿ," ಮುನೀರಾ ಬಾನು ಅಂದರು,
"ಮಂಡಿನೋವಿನ ಮುದುಕರು ಪೇಪರಿಗೆ ಏಣಿ ಹತ್ಬೇಕೇನು?"
ನಿವೃತ್ತ ಮೇಷ್ಟ್ರು ಚಂದ್ರಮೌಳಿಯವರಿಗೆ ಮೂರು ಸಾಲದು,
ಐದು ಬೇಕು, ಮೇಲೊಂದು ಗುಮ್ಮಟ ಬೇಕು,
ಹೈವೇಯಲ್ಲಿ ನಿದ್ದೆಹೋಗುವ ಬಸ್ಸಿನವರೂ ಎದ್ದು
"ಓ, ದಾವಣಗೆರೆ ಬಂತು" ಅನ್ನಬೇಕು.
ಗುಮ್ಮಟಕ್ಕೇ ಒಂದೂವರೆ ಕೋಟಿ, ಎಂಜಿನಿಯರು ಅಂದ.
ಒಗ್ಗರಣೆ ಕುಡಿದ ಮಂಡಕ್ಕಿಯಂತೆ
ಗುಮ್ಮಟ ಅಲ್ಲೇ ಮೆತ್ತಗಾಯಿತು.

"ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಅಂತ
ವರ್ಷಾ ವರ್ಷಾ ವಸೂಲಿ ಮಾಡ್ತೀವಲ್ಲ, ಅದೆಲ್ಲೈತಿ?"
ಯಾರೋ ಕೇಳಿದರು, ಹಿಂದಿನ ಸಾಲಿಂದ.
ಫ್ಯಾನು ಕಿರ್ರೆನ್ನುತ್ತದೆಂದು
ಆಗ ಎಲ್ಲರಿಗೂ ಗೊತ್ತಾಯಿತು.

ಕೊನೆಗೆ ನನ್ನ ಕಡೆ ತಿರುಗಿ, "ಏನಮ್ಮ, ದಿನಕ್ಕೆ ಎಷ್ಟು ಜನ?"

ರಿಜಿಸ್ಟರಿನಲ್ಲಿ ಅರವತ್ತೊಂದು ಸಹಿ.
ಸುಳ್ಳಲ್ಲ; ಆದರೆ ಪೆನ್ನಿನ ದಾರ ಹರಿದು ಎರಡು ತಿಂಗಳು.
ನಾನು ಎಣಿಸುವುದು ಚಪ್ಪಲಿ.
ಮಂಡಿಪೇಟೆಯ ಬೂಸಾ ಅಂಗಡಿಯ ಮೇಲಿನ ಬಾಡಿಗೆ ಕೋಣೆ ನಮ್ಮದು,
ಮೆಟ್ಟಿಲ ಮೇಲೆ ಹೋದ ಮಂಗಳವಾರ ನೂರ ಮೂವತ್ತೆಂಟು ಜೊತೆ,
ಒಳಗೆ ಕುರ್ಚಿ ಇಪ್ಪತ್ತಾರು.
ಭಟ್ಟಿಯ ಹುಡುಗರದು ಗೊತ್ತಾಗುತ್ತದೆ,
ಒದರಿದರೆ ಹುರಿದ ಮರಳು ಉದುರುತ್ತದೆ.
ಪಿಎಸ್ಐ ಪರೀಕ್ಷೆಯ ಹುಡುಗಿಯರದು, ಹಿಮ್ಮಡಿ ಸವೆದದ್ದು,
ಓಡಿ ಓಡಿ ಅಭ್ಯಾಸ ಮಾಡಿದ್ದು.
ಒಂದು ಕುರ್ಚಿಗೆ ಮೂವರು, ಅವರೇ ಹಂಚಿಕೊಂಡಿದ್ದಾರೆ:
ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು, ಥರ್ಡ್ ಶಿಫ್ಟು.
ಆ ಗೋದಾಮಿನಲ್ಲಿ ನಮ್ಮಪ್ಪ ಹೊತ್ತದ್ದೂ ಥರ್ಡ್ ಶಿಫ್ಟು,
ಹುಬ್ಬಿನಲ್ಲಿ ಹತ್ತಿ ಇಟ್ಟುಕೊಂಡೇ ಮನೆಗೆ ಬರುತ್ತಿದ್ದ.

ಇಷ್ಟೆಲ್ಲ ಹೇಳಲಿಲ್ಲ. "ಅರವತ್ತೊಂದು, ಸರ್" ಅಂದೆ.
ಯಾಕೆ ಹಾಗಂದೆನೋ. ಮನೆಗೆ ಹೋಗುವ ದಾರಿಯಲ್ಲಿ
ರೈಲ್ವೆ ಗೇಟು ಬಿದ್ದಿತ್ತು; ಗೂಡ್ಸಿನ ಡಬ್ಬಿ ಎಣಿಸುತ್ತ ನಿಂತೆ,
ನಲವತ್ತೆರಡಕ್ಕೆ ಲೆಕ್ಕ ತಪ್ಪಿತು.

ತೀರ್ಮಾನ: ಎರಡಂತಸ್ತು, ಆರು ಮುಕ್ಕಾಲು ಕೋಟಿ, ಎಂಟು ಮಳಿಗೆ;
ಅದೂ ಮುಂದಿನ ಸಭೆಯ ಒಪ್ಪಿಗೆಗೆ ಒಳಪಟ್ಟು.
ಹಳೆಯ ನಕಾಶೆ ಯಾರಿಗೂ ಬೇಡವಾಗಿತ್ತು.
ಪ್ಲೇಟಿನಡಿ ಎಣ್ಣೆ ಹೀರಿ ಹೆಂಗಸರ ಓದುಕೋಣೆ
ಗಾಜಿನ ಹಾಗೆ ಪಾರದರ್ಶಕವಾಗಿತ್ತು.
ಒಳ್ಳೆ ದಪ್ಪ ಕಾಗದ. ಮಡಚಿ ತಂದು
ರಟ್ಟು ಕಿತ್ತ ನಿಘಂಟಿಗೆ ಹೊದಿಕೆ ಹಾಕಿದೆ.
ಮೂರನೇ ಅಂತಸ್ತು ಈಗ ಬೆನ್ನಿನ ಕಡೆ ಇದೆ.

ಬೆಳಿಗ್ಗೆ ದುಗ್ಗಪ್ಪ ಬಂದ, ಎಪಿಎಂಸಿ ಹಮಾಲಿ.
ಮೆಕ್ಕೆಜೋಳದ ರೇಟು, ಆಮೇಲೆ ನಿಧನ ವಾರ್ತೆ, ಅಷ್ಟೇ ಅವನ ಓದು.
ಯಾವತ್ತೂ ಬರಿಗಾಲು. ನನ್ನ ಲೆಕ್ಕಕ್ಕೂ ಅವನು ಸಿಕ್ಕವನಲ್ಲ.
ನಿಘಂಟನ್ನು ಎತ್ತಿ ತಿರುಗಿಸಿ, ಬೆರಳಿಂದ ನೀಲಿ ಗೆರೆ ಹಿಡಿದು
ಗೋಡೆ ಗೋಡೆ ಸುತ್ತಿ ಕೇಳಿದ:
"ಬಾಗಿಲು ಯಾವ ಕಡೆಗವ್ವ?"

ನೋಡಿದೆ. ಬಾಗಿಲು
ಒಳಮಡಿಕೆಯಲ್ಲಿ ಹೋಗಿತ್ತು, ಗೋಂದು ಒಣಗಿತ್ತು.