ಒಂದು ಮುಷ್ಟಿ ಶ್ರೀ

ಲಗ್ನದ ಸುಗ್ಗ್ಯಾಗ ಪೈಲಾ ಕಮ್ಮಿ ಬೀಳೋದೇ ಶ್ರೀ.
ಎಷ್ಟು ಪತ್ರಿಕಿ, ಎಷ್ಟು ಮನಿತನ, ಎಷ್ಟು ಹಿರ್ಯಾರು,
ಹೆಸರಿಗೊಂದು ಬೇಕೇ ಬೇಕು.
ಅಪ್ಪ ನನ್ನ ಓಡಸ್ತಿದ್ದ: ಖಲೀಲಮಿಯಾರ ಪ್ರೆಸ್ಸಿಗಿ ಹೋಗು,
ಹದಿನಾಕು ಪಾಯಿಂಟಿನ ಶ್ರೀ ಒಂದು ಮುಷ್ಟಿ ಕಡ ಇಸ್ಕೊಂಡು ಬಾ.
ಶಹಾಬಜಾರದ ಓಣಿ ದಾಟಿ, ಲಂಗದ ಉಡ್ಯಾಗ
ಸೀಸದ ಶ್ರೀ ಕಟ್ಕೊಂಡು ಬರ್ತಿದ್ದೆ.
ಎಣಿಸಿ ತರೋದು, ಎಣಿಸಿ ಕೊಡೋದು.
ಒಮ್ಮೆ ಒಂದು ಕಳೀತು. ಅಳ್ಕೋತ ನಿಂತೆ.
ಮಿಯಾ ಅಂದ್ರು: ಬಿಡವ್ವಾ, ಊರಾಗೇ ಎಲ್ಲೋ ಇರ್ತದ.

ಈಗ ಸೂಪರ್ ಮಾರ್ಕೆಟಿನ ಹಿಂದ
ಎಂಟು ಬೈ ಹತ್ತರ ಡಿಟಿಪಿ ಅಂಗಡಿ ನಂದು.
ಸೀಸ ಇಲ್ಲ. ಕಂಪ್ಯೂಟರಿನ ಬೆನ್ನಿಗಿ
ಹೆಬ್ಬೆರಳಷ್ಟು ಹಸಿರು ಬಿರಡಿ, ಡಾಂಗಲ್ ಅಂತಾರ.
ಅದು ಇದ್ರ ಕನ್ನಡ ಬರ್ತದ, ಕಿತ್ತಿದ್ರ ಇಲ್ಲ.
ಹನ್ನೊಂದು ಸಾವಿರ ಎಣಿಸಿದ್ದೆ, ಚೀಟಿ ಎತ್ತಿ.
ಜೋಡಿ ಬಂದ ಕಾಗದದಾಗ ಸಣ್ಣಕ್ಷರದಾಗ ಬರದಾರ:
ಇದು ನಿಮಗ ಮಾರಿದ್ದಲ್ಲ, ಬಳಸ್ಲಕ ಕೊಟ್ಟದ್ದು.
ಓದಿದ್ದು ಮೊನ್ನಿ,
ಬಿರಡಿ ಸತ್ತ ಮ್ಯಾಲ.
ಪುಣೇದ ಕಂಪನಿಗಿ ಫೋನ್ ಹಚ್ಚಿದ್ರ
ಹೆಣ್ಣು ದನಿಯೊಂದು ಮರಾಠ್ಯಾಗ ಅಂತು, ಈ ನಂಬರೇ ಇಲ್ಲ.

ಅದೇ ವಾರ ಬರಬೇಕಾ ಲಾಲಪ್ಪ ಮಾಸ್ತರು,
ಅಂಗಿ ಕಿಸೇದಾಗ ಹಳೀ ಸಿಡಿ!
ಶಹಾಬಾದಿನ ಫರಸಿ ಖಣಿಯವರ ಮಾತು ಕೂಡಿಸಿದವರು,
ಕಲ್ಲಿನ ಪದರಿಗೊಂದು, ಬಿರುಕಿಗೊಂದು,
ಉಳಿ ಬಿದ್ದಾಗ ಹುಸಿ ದನಿ ಕೊಡೋ ಕಲ್ಲಿಗಿ ಬ್ಯಾರೇನೇ ಒಂದು.
ನಾಕು ವರ್ಷ ಸೈಕಲ್ ತುಳದು ಬರಕೊಂಡದ್ದು,
ನಾನೇ ಟೈಪ್ ಹೊಡದದ್ದು. ರೊಕ್ಕಿಲ್ದೆ ಅಚ್ಚಾಗ್ಲಿಲ್ಲ.
ಬರದ ಚೀಟಿ ಗೆದ್ದಲಕ್ಕ ಹೋದ್ವು.
ಈಗ ಮೊಮ್ಮಗಳು ಖರ್ಚು ಹಾಕ್ತಾಳಂತ.
ತೆರದೆ.

□□□ □□ □□□□□ □

ಸಾಲಿಗಿ ಸಾಲು ಬರೇ ಚೌಕ,
ಫರಸಿ ಎಲ್ಲಾ ಎತ್ಕೊಂಡು ಹೋಗಿ
ಕುಣಿ ಅಷ್ಟೇ ಬಿಟ್ಟಂಗ.
ಮಾಸ್ತರು ಕನ್ನಡಕ ತಗದು ಒರಸಿದ್ರು,
ತಪ್ಪು ಅದರದೇ ಅಂತ.

ಎಲ್ಲರಿಗೂ ತೆರದದ್ದು ಅಂತಾರಲ್ಲ, ಆ ಸಾಫ್ಟ್‌ವೇರ್ ಹಾಕಿದೆ.
ಸುಳ್ಳ್ಯಾಕ, ಅದೂ ಒಮ್ಮೆಗೇ ಒಲೀಲಿಲ್ಲ.
ಒತ್ತಕ್ಷರ ಜಾರಿ ಬಾಜೂ ಮನ್ಯಾಗ ಕೂಡ್ತಿತ್ತು.
ಒಂದು ಪತ್ರಿಕ್ಯಾಗ ಕುಂಕುಮದ ಬಣ್ಣ ಇದ್ದಲಾಗಿ ಬಂದು
ಬೀಗರು ಅಂಗಡಿ ಮುಂದ ಜಗಳಾ ತಗದ್ರು.
ಆದ್ರ ಅದರ ಹೊಟ್ಟಿ ತೆರದೇ ಇತ್ತು.
ಯಾಕ ಜಾರ್ತದ, ನೋಡ್ಲಕ ಬರ್ತಿತ್ತು.
ಯಾರೋ ಊರು ತಿಳೀದವರು ತಿದ್ದಿ ಕಳಿಸಿದ್ರು,
ಎಷ್ಟು ಕೊಡ್ಲಿ ಅಂದ್ರ ಜವಾಬೇ ಇಲ್ಲ.

ರಾತ್ರಿ ಉಳಿದ ಪತ್ರಿಕಿ ಬೆನ್ನ ಮ್ಯಾಲ ಪೆನ್ಸಿಲ್ಲಿಂದ
ಹಳೀ ಪ್ರಿಂಟ್ ಒಂದು ಎದುರಿಟ್ಕೊಂಡು ಬರದೆ,
ಯಾವ ಚೌಕದ ಕೆಳಗ ಯಾವ ಅಕ್ಷರ ಹುಗದಾರ ಅಂತ.
ಹತ್ತೊಂಬತ್ತು ರಾತ್ರಿ.
ಕ ಸಿಕ್ತು. ಕಾ ಸಿಕ್ತು. ಳ ಬಾಳ ಕಾಡ್ತು.
ಪಟ್ಟಿ ಮುಗದ ಮುಂಜಾನೆ ಮಶಾಕ ಬಂದ,
ಖಲೀಲಮಿಯಾರ ಮೊಮ್ಮಗ, ಫ್ಲೆಕ್ಸ್ ಅಂಗಡಿಯಾಂವ.
ಅವನ ಬಿರಡೀನೂ ಸತ್ತದ.
ಅಕ್ಕಾ, ಅದು ಕಡ ಕೊಡ್ತೀ?
ನಗು ಬಂತು. ಕಡ ಅಲ್ಲೋ, ಇಟ್ಕೋ.
ನಿನಗ ಕೊಟ್ಟ ಮ್ಯಾಲೂ ನನ್ನ ಹಂತ್ಯಾಕ ಇರ್ತದ, ನೋಡು ಮಜಾ.
ಆಂವ ಎರಡು ದಿನದಾಗ ಅದಕ್ಕೊಂದು ಪ್ರೋಗ್ರಾಮ್ ಹೊಲದ,
ಮುಂಜಾನಿದ್ದು ಸಂಜೀಕ ಬೀದರಿನ ಪ್ರೆಸ್ಸಿನಾಗೂ ಓಡ್ತಿತ್ತು.

ಮಾಸ್ತರ ಮಾತು ಒಂದೊಂದೇ ಮ್ಯಾಲೆದ್ದು ಬಂದ್ವು,
ಸಿಡಿಗಿ ಗೀರು ಬಿದ್ದಲ್ಲಿ ಮಾತ್ರ ಇಲ್ಲ.
ಹುಸಿ ದನಿ ಕಲ್ಲಿನ ಹೆಸರೇ ಹೋಗ್ಯಾದ.
ಮಾಸ್ತರು ಕಟ್ಟಿ ಫರಸಿ ಮ್ಯಾಲ ಬೆರಳಿಲೆ ಬಡದ್ರು, ಕೇಳಿದ್ರು,
ಮತ್ತ ಬಡದ್ರು. ನೆನಪಾಗ್ಲಿಲ್ಲ.
ಸೋಮವಾರ ಶಹಾಬಾದಕ್ಕ ಹೋಗ್ತೀನಿ, ಅಂದ್ರು,
ಅಲ್ಲಿ ಯಾರರ ಇನ್ನಾ ಅಂತಿರ್ಬೇಕು.
ಆ ಸಾಲು ಖಾಲಿ ಬಿಟ್ಟು ಕೂತೀನಿ.