ಬಲ್ಲವರು ಇಬ್ಬರು

ಮನ್ನಾಏಖೇಳಿ ಠಾಣೆಯಿಂದ ಮೋಟರ್‌ಸೈಕಲ್ ಮ್ಯಾಲ
ಹನ್ನೊಂದು ಕಿಲೋಮೀಟರ್, ಕೆಂಪು ಧೂಳು ಕುಡಕೋತ
ನಾ ಬಂದದ್ದು ಒಬ್ಬ ಹೆಣ್ಮಗಳು ಖರೇನೇ ಇದ್ದಾಳೋ ಇಲ್ಲೋ
ನೋಡ್ಲಿಕ್ಕೆ. ಸರ್ಕಾರಕ್ಕ ಡೌಟು.

ಆಧಾರದಾಗ ದೀನಮ್ಮ, ವೋಟರ್ ಕಾರ್ಡಿನಾಗ ದಿನ್ನಮ್ಮ,
ರೇಶನ್ ಕಾರ್ಡಿನಾಗ ದೀನಾಬಾಯಿ ಗಂಡ ಯೇಶಪ್ಪ.
ಮೂರೂ ಮಂದಿ ಒಂದೇ ಚಾಪಿ ಮ್ಯಾಲ ಕುಂತು
ಹಸಿ ಶುಂಠಿ ಕೆರೀಲತ್ತಿದ್ದರು.
ಹುಟ್ಟಿದ್ದು ಜೂನ್ ಒಂದು. ಈ ಊರಾಗ ಎಲ್ಲರೂ ಜೂನ್ ಒಂದಕ್ಕೇ
ಹುಟ್ಟ್ಯಾರ, ಸಾಲಿ ಹೆಡ್‌ಮಾಸ್ತರನೇ ಸೂಲಗಿತ್ತಿ ಆಗಿದ್ದಾಂಗ.
ನಾನೂ ಜೂನ್ ಒಂದೇ. ಅದಿರಲಿ.

ಎಲ್ಲಿಗಿ ಹೊಂಟೀರಿ? ಕೇಳಬಾರದು, ಕಾಲಮ್ಮಿಲ್ಲ, ಕೇಳಿದೆ.
ಮಸ್ಕತ್ತಿಗ್ರಿ. ಮಗಳು ಅಲ್ಲಿ ದವಾಖಾನ್ಯಾಗ ನರ್ಸ್.
ಮಂದಿ ಬಾಣಂತನ ಎಲ್ಲಾ ಅಕೀನೇ ಮಾಡ್ತಾಳ,
ಅಕೀದು ಮಾಡ್ಲಿಕ್ಕೆ ಯಾರೂ ಇಲ್ಲ.
ಹೇಳ್ತ ಹೇಳ್ತ ಅಂಗೈ ಒರಸಿ ತೋರಿಸಿದಳು:
ಬೀದರದಾಗ ಮಷೀನು ನಾಕು ಸಲ ಒಲ್ಲೆ ಅಂತಂತ,
ಬೆರಳಿನ ಗೆರಿ ಎಲ್ಲಾ ಸವದು ಹೋಗ್ಯಾವಂತ.
ಅಲ್ಲಿಯ ಹುಡುಗ ಕೊಬ್ರಿ ಎಣ್ಣಿ ಹಚ್ಚಿ, ಒರಸಿ, ಒತ್ತಿ,
ಐದನೇ ಸಲಕ್ಕ ಹಿಡೀತಂತ.

ಫಾರ್ಮಿನಾಗ ಒಂದು ಜಾಗ ಅದ:
ನಿಮ್ಮನ್ನ ಬಲ್ಲವರು ಇಬ್ಬರು. ಹೆಸರು, ಫೋನ್ ನಂಬರು.
ಮಂದಿ ಏನ್ ಬರಸ್ತಾರ ನನಗ ಗೊತ್ತು,
ಚೇರ್ಮನ್, ಮಾಸ್ತರ, ಕಿರಾಣಿ ಸೇಟು. ಸಹಿ ಛಂದ ಇದ್ದವರು.
ಇಕಿ ಮೊದಲ್ನೇದು ಪಾಸ್ಟರ್ ಹೆಸರು ಬರಸ್ಯಾಳ.
ಎರಡನೇದು ಪುತಳಾಬಾಯಿ.

ಪುತಳಾಬಾಯಿ ಅಂದರ ಬಾಜು ಮನಿ.
ನಡುವ ಕೆಂಪು ಕಲ್ಲಿನ ಗೋಡಿ, ಎದಿ ಎತ್ತರ.
ಗೇಣು ಜಾಗದ ಸಲುವಾಗಿ ಪಂಚಾಯ್ತಿ ಕೂಡಿ, ಇಕಿ ಸೋತು,
ಮಾತು ಬಂದಾಗಿ ಹನ್ನೊಂದು ವರ್ಷ.
ಅಲ್ರೀ, ಬ್ಯಾರೆ ಯಾರೂ ಸಿಗಲಿಲ್ಲೇನು, ಅಂದೆ.
ಬಲ್ಲವರು ಅಂತ ಕೇಳ್ಯಾರ್ರಿ, ಬೇಕಾದವರು ಅಂತ ಕೇಳಿಲ್ಲ,
ಅಂದು ಮತ್ತ ಶುಂಠಿ ಕೆರೀಲಿಕ್ಕೆ ಹತ್ತಿದಳು.

ಗೋಡಿ ಸುತ್ತಿ ಆ ಮನಿಗಿ ಹೋದೆ.
ಕಟ್ಟಿ ಮ್ಯಾಲ ಉದ್ದು ಹಸನ ಮಾಡ್ಲತ್ತಿದ್ದಳು. ಮೊರ ನಿಲ್ಲಲಿಲ್ಲ.
ದೀನಮ್ಮ ಗೊತ್ತೇನ್ರಿ?
ಗೊತ್ತಿಲ್ದೇನು. ರಾತ್ರಿ ಎಷ್ಟು ಸಲ ಕೆಮ್ಮತಾಳ ಹೇಳ್ಲೇನು?
ನಡತಿ ಹೆಂಗ?
ಕೆಟ್ಟದು. ನನ್ನ ಕೋಳಿಗಿ ಚಪ್ಲಿ ಒಗದಾಳ, ಬರಕೋರಿ.
ಏನರೆ ಸುಳ್ಳು, ಮೋಸ, ಕೇಸು?
ಇಲ್ಲಿ ಮೊರ ನಿಂತಿತು.
ಸುಳ್ಳಾ? ಅದೊಂದು ಅಕಿಗಿ ಬರ್ತಿದ್ದರ
ಅವತ್ತು ಪಂಚಾಯ್ತ್ಯಾಗ ಯಾಕ ಸೋಲ್ತಿದ್ದಳು?
ಆಮ್ಯಾಲ ಗೋಡಿ ಕಡಿ ನೋಡಿ, ದನಿ ಇಳಿಸಿ:
ಗಡಿ ಕಲ್ಲು ಸರಿಸಿದವರು ನಮ್ಮನಿಯವರು.
ಕಂದೀಲು ಹಿಡದಾಕಿ ನಾನೇ.
ಇದು ಬರಕೋಬ್ಯಾಡ್ರಿ.

ಬರಕೋಬೇಕಂದರ ಎಲ್ಲಿ?
ಟ್ಯಾಬಿನಾಗ ಎರಡೇ ಗುಂಡಿ: ಸರಿ ಅದ, ಸರಿ ಇಲ್ಲ.
ಹದಿನಾಕು ವರ್ಷದ ಸರ್ವಿಸಿನಾಗ
ಬಡಿತ ಇಲ್ಲದೆ ಒಪ್ಪಿಕೊಂಡ ಗುನ್ಹೆ ಇದೊಂದೇ.

ಸರಿ ಅದ, ಒತ್ತಿದೆ. ಹೋಗಲಿಲ್ಲ.
ಅಂಗಳದಾಗ ನೆಟ್‌ವರ್ಕ್ ಇಲ್ಲ, ಕೊಟಗ್ಯಾಗ ಇಲ್ಲ,
ಬೇವಿನ ಗಿಡದ ಬುಡಕ ಒಂದು ಕಡ್ಡಿ ಬಂದು ಸತ್ತಿತು.
ಗೋಡಿ ಏರಬೇಕ್ರಿ, ಅಂದ ಒಬ್ಬ ಹುಡುಗ,
ಎಲ್ಲರೂ ಅಲ್ಲೇ ನಿಂದರ್ತಾರ.

ಏರಿದೆ. ಖಾಕಿ, ಬೂಟು, ಟ್ಯಾಬು ಆಕಾಶಕ್ಕ ಹಿಡಿದು
ಆ ಗೇಣು ಜಾಗದ ಮ್ಯಾಲ ನಿಂತೆ.
ಈ ಕಡಿಯಿಂದ ಶುಂಠಿ ವಾಸನಿ, ಆ ಕಡಿ ಉದ್ದಿನ ಹೊಟ್ಟು.
ಚಕ್ರ ತಿರುಗಿತು, ತಿರುಗಿತು.
ನಾನೇ ಇನ್ನಾ ಹೈದರಾಬಾದ ದಾಟಿಲ್ಲ,
ಯಾಕೋ ಆಗ ನೆನಪಾತು.
ಹೋತು.

ಇಳೀಬೇಕಂದರ ಕಲ್ಲು ಅಲುಗಾಡ್ತು.
ಪುತಳಾಬಾಯಿ ಮೊರ ಕೆಳಗಿಟ್ಟು ಎದ್ದಳು.
ಈ ಕಡಿ ಬ್ಯಾಡ್ರಿ ಸಾಹೇಬ್ರ, ಮುಳ್ಳು ಹಾಸೀವಿ.
ಆ ಕಡಿ ಇಳೀರಿ.
ಮತ್ತ, ಗೋಡಿಗಿ ಕೇಳಂಗ, ದನಿ ಏರಿಸಿ:
ಏಯ್ ದೀನಿ, ಸ್ಟೂಲ್ ತಾ.