ಚಿಲ್ಲರೆ ಎಣಿಸುವವನು

ಬಲಗೈ ಯಾವಾಗಲೂ ಪ್ಯಾಂಟಿನ ಜೇಬಲ್ಲಿ.
ವಾಲ್ಪರೈಸೊ ಬಂದರಿನ ನೆತ್ತಿಯ ಈ ಗುಡ್ಡದಲ್ಲಿ
ಎಲ್ಲರಿಗೂ ಗೊತ್ತು, ಗ್ಯಾಸಿನ ಬೌದಿಲಿಯೊ ಜಿಪುಣ,
ನಿಂತಲ್ಲೆಲ್ಲ ಚಿಲ್ಲರೆ ಎಣಿಸುತ್ತಾನೆ.
ಹಾಗೇ ಅಂದುಕೊಳ್ಳಲಿ.
ಜೇಬಿನ ತಳದಲ್ಲಿ ತೂತಿದೆ,
ಅಡುಗೆಮನೆ ಕತ್ತರಿಯಿಂದ ನಾನೇ ಮಾಡಿದ್ದು.
ತೂತಿನಾಚೆ ಎರಡು ಬೆರಳು, ಬೆರಳಿನಡಿ
ಕೋಳಿಮೊಟ್ಟೆಯಷ್ಟು, ಬೆಚ್ಚಗೆ,
ಕೆಮ್ಮಿದರೆ ಇಣುಕುವ ನನ್ನದೇ ಕರುಳು.

ಹದಿನೈದು ಕೇಜಿ ಗ್ಯಾಸು, ಕಬ್ಬಿಣದ ತೂಕ ಬೇರೆ.
ಲಾರಿ ಹತ್ತದ ಓಣಿಗೆ ಹೆಗಲೇ ಲಾರಿ.
ಮುಂಚೆ ಒಂದೇ ಉಸಿರು, ಮೇಲೆ ಮುಟ್ಟಿದರೆ ಶಿಳ್ಳೆ.
ಈಗ ಎಲ್ಲಕ್ಕೂ ಲೆಕ್ಕ:
ಎತ್ತುವಾಗ ಉಸಿರು ಬಿಡಬೇಕು, ಕಟ್ಟಬಾರದು.
ಮಂಡಿ ಬಗ್ಗಲಿ, ಸೊಂಟ ಬೇಡ.
ಸೀನು ಬಂತೋ, ಮೊದಲು ಸಿಲಿಂಡರು ಇಳಿಸು,
ಆಮೇಲೆ ಸೀನು.
ನಗಿಸುವವರ ಮನೆಗೆ ಕೊನೆಗೆ ಹೋಗು.

ಆಸ್ಪತ್ರೆಯ ಎಳೆ ಡಾಕ್ಟರಮ್ಮ ಚೀಟಿಯ ಹಿಂದೆ
ನನ್ನ ಹೊಟ್ಟೆಗೊಂದು ಗೋಡೆ ಬರೆದಳು,
ಗೋಡೆಗೊಂದು ಕಿಂಡಿ.
"ಪಟ್ಟಿಯಲ್ಲಿ ಹೆಸರು ಸೇರಿಸಿದ್ದೇನೆ.
ಅಲ್ಲೀತನಕ ಭಾರ ಎತ್ತಬೇಡಿ.
ಗಟ್ಟಿಯಾಗಿ, ನೋವಾಗಿ, ಒಳಗೆ ಹೋಗಲೊಲ್ಲದೆ ಕೂತರೆ
ನಡುರಾತ್ರಿಯಾದರೂ ಓಡಿ ಬನ್ನಿ."
"ಅಲ್ಲೀತನಕ ಅಂದರೆ?"
ಪೆನ್ನಿಗೆ ಮುಚ್ಚಳ ಹಾಕಿದಳು.
ಹದಿನಾಲ್ಕು ತಿಂಗಳಾಯಿತು.
ಹೊಟ್ಟೆಪಾಡಿಗೆ ಎತ್ತುತ್ತೇನೆ,
ಎತ್ತಿದರೆ ಹೊಟ್ಟೆಗೇ ಈ ಪಾಡು.

ನೂರಾ ಅರವತ್ತೆರಡನೆಯ ಮೆಟ್ಟಿಲಲ್ಲಿ
ದೋನ್ಯಾ ಎಡೆಲ್ಮಿರಾಳ ನೀಲಿ ತಗಡಿನ ಮನೆ.
ಒಲೆಗೆ ಪೈಪು ಸಿಕ್ಕಿಸಿ ನೆಟ್ಟಗಾಗುವಾಗ
ಕೇಳಿದಳು, "ಎಷ್ಟಾಯಿತು ಚಿಲ್ಲರೆ?"
ನಾನು ಕಿಟಕಿಯಾಚೆ ಹಡಗು ನೋಡಿದೆ.
ಒಳಗೆ ಹೋದವಳು ತಂದಳು, ನುಸಿಗುಳಿಗೆ ವಾಸನೆಯ
ಒಂದು ಚರ್ಮದ ಪಟ್ಟಿ, ತೊಡೆಸಂದಿಗೆ ಒತ್ತುವ ದಿಂಬು,
ದಿಂಬಿನ ಮೇಲೆ ಒಬ್ಬ ಗಂಡಸಿನ ಮೈಯ ಗುಳಿ.
"ನಮ್ಮವರದು. ಬಂದರಲ್ಲಿ ಗೋಧಿಮೂಟೆ ಹೊರುತ್ತಿದ್ದರು.
ಹದಿನೆಂಟು ವರ್ಷ ಕಟ್ಟಿದರು."
"ಆಮೇಲೆ ಆಪರೇಷನ್ ಆಯಿತಾ?"
"ಆಮೇಲೆ ಸತ್ತರು."
ನನ್ನ ಮುಖ ನೋಡಿ, "ಅದಕ್ಕಲ್ಲವೋ, ಬಸ್ಸು ಗುದ್ದಿ."

ಆತನಿಗಿಂತ ಎರಡು ತೂತು ಸಣ್ಣ ನನ್ನ ಸೊಂಟ.
ಸತ್ತವನ ಗುಳಿಯಲ್ಲಿ ನನ್ನ ಗಡ್ಡೆ ಕೂತಿತು,
ಅಳತೆ ಕೊಟ್ಟು ಹೊಲಿಸಿದ ಹಾಗೆ.
ಬೀದಿನಾಯಿಗಳು ಮಾತ್ರ ಅಂದಿನಿಂದ
ನನ್ನನ್ನು ಗುರುತು ಹಿಡಿಯದೆ ಬೊಗಳುತ್ತವೆ.

ವಿಸ್ನೆಲ್ ಜತೆಗಾರ. ಹೈಟಿಯವನು, ಇಪ್ಪತ್ಮೂರು.
ನಮ್ಮ ಮಾತು ಅವನಿಗೆ ಅರ್ಧ, ಅವನದು ನನಗೆ ಸೊನ್ನೆ.
ಗಿರಾಕಿ ಕರೆಯಲು ಸ್ಪ್ಯಾನರಿನಿಂದ
ಸಿಲಿಂಡರು ಬಡಿಯುವುದು ಅವನ ಕೆಲಸ.
ಹಾಳಾದವನು ಬಡಿದದ್ದೇ ಬಡಿದದ್ದು!
ಕಿವಿ ತೂತಾಗುತ್ತದೋ ಅಂತ ಎಷ್ಟು ಬೈದೆನೋ.
ತಡವಾಗಿ ತಿಳಿಯಿತು:
ನಾನು ಗೋಡೆಗೊರಗಿ, ಒಂದು ಕಾಲೆತ್ತಿ,
ಹಲ್ಲು ಕಚ್ಚಿ ಅದನ್ನು ಒಳಕ್ಕೆ ತಳ್ಳುವಾಗಲೇ
ಅವನ ಟಣಟಣ.
ಇಡೀ ಓಣಿ ಅವನತ್ತ ತಿರುಗುತ್ತದೆ.
ಈಗಲೂ ಬೈಯುತ್ತೇನೆ. ನಿಲ್ಲಿಸಿಬಿಟ್ಟಾನು ಅಂತ ಭಯ.

ರಾತ್ರಿ ಸೊಂಟದಡಿ ದಿಂಬಿಟ್ಟು ಅಂಗಾತ ಮಲಗುತ್ತೇನೆ.
ಗುಳುಕ್.
ಆ ಒಂದು ಗಳಿಗೆ
ಲೋಕದ ಎಲ್ಲವೂ ಅದರದರ ಜಾಗದಲ್ಲಿದೆ,
ಕೆಳಗೆ ಕಡಲಲ್ಲಿ ಲಂಗರು ಹಾಕಿದ ದೀಪಗಳೂ.
ಕೆಮ್ಮು ಬರದಿರಲಿ.

ನಿನ್ನೆ ತೊಂಬತ್ತನೆಯ ಮೆಟ್ಟಿಲಲ್ಲಿ ಫೋನು.
ಎಡಜೇಬಿನಿಂದ ವಿಸ್ನೆಲ್ಲೇ ತೆಗೆದು ನನ್ನ ಕಿವಿಗೆ ಹಿಡಿದ.
ಆಸ್ಪತ್ರೆಯವರು. ಬರುವ ಗುರುವಾರ, ಖಾಲಿ ಹೊಟ್ಟೆ,
ಆಮೇಲೆ ಆರು ವಾರ ಏನೂ ಎತ್ತುವ ಹಾಗಿಲ್ಲ.
"ಚಹಾದ ಕೆಟಲು?"
"ಕೆಟಲು ಎತ್ತಬಹುದು."
ಆರು ವಾರ. ಬಾಡಿಗೆ, ಮಗಳ ಹಲ್ಲಿನ ತಂತಿ,
ಸಾಹುಕಾರ ನನ್ನ ಜಾಗಕ್ಕೆ ಯಾರನ್ನು ತರುತ್ತಾನೋ,
ತಂದವನನ್ನು ಬಿಡುತ್ತಾನೋ.
"ಸದ್ಯ ಭಾರ ಎತ್ತುತ್ತಿಲ್ಲ ತಾನೆ?" ನರ್ಸು ಕೇಳಿದಳು.
"ಇಲ್ಲಮ್ಮ" ಅಂದೆ,
ಹೆಗಲ ಮೇಲೆ ಸಿಲಿಂಡರು.
ಆ ಅರ್ಧ ಮಾತಲ್ಲಿ ಇದು ಮಾತ್ರ
ಪೂರ್ತಿ ಅರ್ಥವಾಗಿರಬೇಕು ಹುಡುಗನಿಗೆ.
ಸ್ಪ್ಯಾನರು ಜಾರಿಬಿತ್ತು, ಹೊಟ್ಟೆ ಹಿಡಿದು ನಗತೊಡಗಿದ.
ನಾನೂ ಹಿಡಿದೆ, ನಗದೆ,
ಎರಡು ಬೆರಳಿಂದ.